ಪಡಸಾಲೆಯ ಗೋಡೆಯ ಮೇಲಿನ ಮುಖಗಳು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ತೊಲೆಯ ಕೆಳಗೆ ತುಸು ಮುಂದಕ್ಕೆ ಬಾಗುವಂತೆ ತೂಗುಹಾಕಿದ ಕುಟುಂಬದ ಪಟಗಳನ್ನು ಸಾಲಾಗಿ ನೋಡುತ್ತ ಹೋದರೆ, ಅವುಗಳಲ್ಲಿ ನಗುವವರು ಬಹುತೇಕ ಯಾರೂ ಇಲ್ಲವೆಂಬುದು ಬೇಗನೆ ಗಮನಕ್ಕೆ ಬರುತ್ತದೆ. ರುಮಾಲು ಸುತ್ತಿ, ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಊರಿ ಕುರ್ಚಿಯಲ್ಲಿ ಕುಳಿತ ಯಜಮಾನ, ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಪಕ್ಕದಲ್ಲಿ ನಿಂತ ಅವನ ಮಡದಿ, ಮುಂದೆ ನೆಲದ ಮೇಲೆ ಕಾಲು ಮಡಚಿ ಕುಳಿತ ಮಕ್ಕಳು, ಎಲ್ಲರೂ ಕ್ಯಾಮೆರಾವನ್ನು ನೆಟ್ಟ ನೋಟದಿಂದ ನೋಡುತ್ತಾರೆ. ಇಂದಿನ ಛಾಯಾಗ್ರಹಣದ ಕೈಪಿಡಿಗಳ ಪ್ರಕಾರ ಇವು ಬಿಗಿದುಕೊಂಡ, ಭಾವವಿಲ್ಲದ ಚಿತ್ರಗಳು. ತೆಗೆಸಿಕೊಳ್ಳುವವರಿಗೆ ಅರಿವಿಲ್ಲದಂತೆ ಸೆರೆಹಿಡಿದ ಸಹಜ ಕ್ಷಣದಲ್ಲಿ ಮಾತ್ರ ನಿಜವಾದ ಭಾವನೆ ಇರುತ್ತದೆಂಬುದು ಆ ಕೈಪಿಡಿಗಳ ನಂಬಿಕೆ. ಆದರೆ ಮನೆಯ ಮಗಳು ಅತ್ತೆಯ ಮನೆಗೆ ಹೊರಡುವ ಮುನ್ನ ಕೈಮುಗಿಯುವುದು ಇವೇ ಪಟಗಳಿಗೆ, ಮನೆ ಬಿದ್ದು ಹೊಸದು ಕಟ್ಟುವಾಗ ದೇವರ ಜಗಲಿಯ ಜೊತೆಗೆ ಮೊದಲು ಹೊರಗೆ ತರುವುದು ಇವನ್ನೇ ಎಂಬುದನ್ನು ನೆನೆದರೆ, ಆ ನಂಬಿಕೆಯನ್ನು ಈ ನೆಲದಲ್ಲಿ ನಿಂತು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವೆನಿಸುತ್ತದೆ.

ಸಹಜ ಕ್ಷಣದ ವಾದಕ್ಕೆ ದೊಡ್ಡ ಹೆಸರಿನ ಬೆಂಬಲವಿದೆ. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸಾನ್ 1952ರಲ್ಲಿ ಪ್ರಕಟಿಸಿದ ಚಿತ್ರಸಂಪುಟವು ಇಂಗ್ಲಿಷಿನಲ್ಲಿ ‘ದಿ ಡಿಸೈಸಿವ್ ಮೋಮೆಂಟ್’ ಎಂಬ ಹೆಸರಿನಿಂದ ಹೊರಬಂದ ಮೇಲೆ ‘ನಿರ್ಣಾಯಕ ಕ್ಷಣ’ವೆಂಬುದು ಛಾಯಾಗ್ರಾಹಕರ ಮಂತ್ರವಾಯಿತು, ಚಲಿಸುತ್ತಿರುವ ಬದುಕಿನಲ್ಲಿ ಅರ್ಥ ಮತ್ತು ಆಕೃತಿ ಎರಡೂ ಒಂದೇ ಗಳಿಗೆಯಲ್ಲಿ ಕೂಡಿಬರುತ್ತವೆ, ಅದನ್ನು ಹಿಡಿಯುವುದೇ ಛಾಯಾಗ್ರಾಹಕನ ಕಸುಬು ಎಂಬುದು ಅದರ ಸಾರ. ಕನ್ನಡ ನಾಡಿನಲ್ಲಿ ಈ ದಾರಿಯಲ್ಲಿ ದೂರ ನಡೆದವರೆಂದರೆ ಮೈಸೂರಿನ ಟಿ. ಎಸ್. ಸತ್ಯನ್ (1923–2009). ಅವರು ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸತ್ಯನ್ ಅವರ ಚಿತ್ರಗಳಲ್ಲಿ ಮಗು ಕ್ಯಾಮೆರಾವನ್ನು ಮರೆತಿರುತ್ತದೆ, ಕೆಲವೊಮ್ಮೆ ಕ್ಯಾಮೆರಾವನ್ನೇ ಆಟದ ಗೆಳೆಯನನ್ನಾಗಿ ಮಾಡಿಕೊಂಡಿರುತ್ತದೆ. ಈ ಸಾಧನೆಯ ಬೆಲೆಯನ್ನು ತಗ್ಗಿಸುವ ಕಾರಣವಿಲ್ಲ. ಆದರೆ ಭಾವನೆಯು ಸಹಜ ಚಿತ್ರವೊಂದರದೇ ಸೊತ್ತೆಂದು ಹೇಳಿದ ಕೂಡಲೇ ಉತ್ತರ ಕರ್ನಾಟಕದ ಹಳ್ಳಿಗಳ ಮುಕ್ಕಾಲು ಪಾಲು ಚಿತ್ರಸಂಪತ್ತು ಲೆಕ್ಕದಿಂದ ಹೊರಬೀಳುತ್ತದೆ.

ಧಾರವಾಡ ಸೀಮೆಗೆ ಕ್ಯಾಮೆರಾ ಬಂದದ್ದು ಮನುಷ್ಯರ ಮುಖಕ್ಕಾಗಿ ಅಲ್ಲ, ಗುಡಿಗಳಿಗಾಗಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರನ ಛಾಯಾಗ್ರಹಣ ವಿಧಾನ ಪ್ರಕಟವಾಗಿ ಎರಡು ದಶಕ ತುಂಬುವುದರೊಳಗೆ ಬ್ರಿಟಿಷ್ ಸೈನ್ಯಾಧಿಕಾರಿ ಥಾಮಸ್ ಬಿಗ್ಸ್, ವೈದ್ಯರಾದ ಪಿಗೊ ಮತ್ತು ನೀಲ್ ಇವರು ಈ ಭಾಗದ ಶಿಲ್ಪಗಳನ್ನು ಚಿತ್ರಿಸಿಕೊಂಡರು. ಆ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹಗಳೊಡನೆ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಹೆಸರಿನಲ್ಲಿ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಗುಡಿಯ ಆಯ್ಕೆಗೆ ಪುರಾತತ್ತ್ವದ ಆಸಕ್ತಿಯ ಜೊತೆಗೆ ಒಂದು ತಾಂತ್ರಿಕ ಕಾರಣವೂ ಇತ್ತು. ಕ್ಯಾಮೆರಾದೊಳಗಿನ ರಾಸಾಯನಿಕ ಲೇಪಕ್ಕೆ ಬೆಳಕು ಸೋಕುವ ಅವಧಿಗೆ ‘ಎಕ್ಸ್‌ಪೋಷರ್’ ಎನ್ನುತ್ತಾರೆ; ಆ ಕಾಲದ ಕಾಗದದ ನೆಗೆಟಿವ್‌ಗಳಿಗೆ ಈ ಅವಧಿ ಎಷ್ಟು ದೀರ್ಘವಾಗಿ ಬೇಕಾಗುತ್ತಿತ್ತೆಂದರೆ ಉಸಿರಾಡುವ, ರೆಪ್ಪೆ ಬಡಿಯುವ, ಕಾಲು ಬದಲಿಸುವ ಯಾವ ಜೀವಿಯೂ ಮಸುಕಾಗದೆ ಅದರಲ್ಲಿ ಮೂಡುವುದು ಕಷ್ಟವಾಗಿತ್ತು. ಕಲ್ಲು ಅಲುಗಾಡುವುದಿಲ್ಲ. ಮುಂದೆ ಲೇಪಗಳು ಚುರುಕಾಗಿ, ಮನುಷ್ಯರು ಕ್ಯಾಮೆರಾದ ಮುಂದೆ ಕೂರುವಂತಾದಾಗಲೂ, ಅಲುಗಾಡಬಾರದು, ನಗಬಾರದು, ಉಸಿರು ಬಿಗಿಹಿಡಿಯಬೇಕು ಎಂಬ ಕಟ್ಟಳೆ ಉಳಿದುಕೊಂಡಿತು. ಹೀಗಾಗಿ ಪಡಸಾಲೆಯ ಪಟದ ನಿಶ್ಚಲತೆಯಲ್ಲಿ ಮೊದಲ ಪಾಲು ರಸಾಯನಶಾಸ್ತ್ರದ್ದು.

ಎರಡನೆಯ ಪಾಲು ಖರ್ಚಿನದು. ಮಧ್ಯಮ ವರ್ಗದ ಮನೆಗಳಿಗೆ ಕ್ಯಾಮೆರಾವನ್ನು ಪರಿಚಯಿಸಿದ ಅಗ್ಫಾ ಕ್ಲಿಕ್ 3ರಂಥ ಸರಳ ಪೆಟ್ಟಿಗೆಗಳಲ್ಲಿ ಒಂದು ಸುರುಳಿಗೆ ಬರುತ್ತಿದ್ದುದು ಹನ್ನೆರಡೇ ಚಿತ್ರಗಳು. ಹಳ್ಳಿಯವರ ಪಾಲಿಗೆ ಅದೂ ದೂರದ ಮಾತಾಗಿದ್ದುದರಿಂದ ಹುಬ್ಬಳ್ಳಿಯ ಸ್ಟುಡಿಯೊಗೆ ಹೋಗಬೇಕಾಗುತ್ತಿತ್ತು, ಇಲ್ಲವೇ ಜಾತ್ರೆಗೆ ಬಣ್ಣದ ಪರದೆ ಹೊತ್ತು ಬರುತ್ತಿದ್ದ ಸಂಚಾರಿ ಛಾಯಾಗ್ರಾಹಕನಿಗಾಗಿ ಕಾಯಬೇಕಾಗುತ್ತಿತ್ತು. ಇಡೀ ಜೀವಮಾನದಲ್ಲಿ ಒಂದೋ ಎರಡೋ ಬಾರಿ ಒದಗುವ ಇಂಥ ಗಳಿಗೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗಂಟಿನಲ್ಲಿಟ್ಟ ಸೀರೆ ಹೊರಬಂತು, ಮಗನ ಕೈಗೆ ಎರವಲು ಗಡಿಯಾರ ಬಂತು, ಸ್ಟುಡಿಯೊದ ಕಡೆಯಿಂದ ಒಂದು ಕೋಟು ಮತ್ತು ಪ್ಲಾಸ್ಟಿಕ್ ಹೂದಾನಿ ಬಂದವು. ಈ ಸಿದ್ಧತೆಯನ್ನು ನಟನೆಯೆಂದು ಕರೆಯುವುದು ಸುಲಭ, ಆದರೆ ಸರಿಯಲ್ಲ. ಊರ ಪಂಚರ ಮುಂದೆಯೋ ಮಠದ ಸ್ವಾಮಿಗಳ ಮುಂದೆಯೋ ಕುಳಿತಾಗ ಮನುಷ್ಯ ತನ್ನನ್ನು ಹೇಗೆ ಹಿಡಿದುಕೊಳ್ಳುತ್ತಾನೋ ಹಾಗೆಯೇ ಅವನು ಕ್ಯಾಮೆರಾದ ಮುಂದೆಯೂ ತನ್ನನ್ನು ಹಿಡಿದುಕೊಂಡ, ಮತ್ತು ಹಾಗೆ ಹಿಡಿದುಕೊಳ್ಳುವುದರಲ್ಲಿ ಮರ್ಯಾದೆಯ ಭಾವವು ಮುಖದ ಸ್ನಾಯುಗಳಿಗಿಂತ ಹೆಚ್ಚಾಗಿ ಬೆನ್ನಿನ ನೇರದಲ್ಲಿ ಕಾಣಿಸಿಕೊಂಡಿತು.

ಜೀವನದ ಯಾವ ಗಳಿಗೆ ಚಿತ್ರಕ್ಕೆ ಯೋಗ್ಯವೆಂಬುದನ್ನು ಈ ಸೀಮೆಯಲ್ಲಿ ಛಾಯಾಗ್ರಾಹಕನ ಕಣ್ಣಿಗಿಂತ ಮೊದಲು ಮನೆಯ ಸಂಸ್ಕಾರಗಳೇ ನಿರ್ಧರಿಸಿದ್ದವು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕುಬಸದ ದಿನ ಮೊಗ್ಗಿನ ಜಡೆ ಹೆಣೆದು, ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ, ಮುಖ ಮತ್ತು ಜಡೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಸುವ ರೂಢಿ ಹಲವು ತಲೆಮಾರುಗಳ ಹೆಣ್ಣುಮಕ್ಕಳಿಗೆ ಪರಿಚಿತ. ತಾಂತ್ರಿಕವಾಗಿ ಇದು ಸಣ್ಣ ಕೆಲಸವಲ್ಲ: ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದು, ಫ್ಲ್ಯಾಶ್ ಬೆಳಕು ಮರಳಿ ಮಸೂರಕ್ಕೆ ಹೊಡೆಯಬಾರದು, ಮುಖದ ದೂರಕ್ಕೂ ಪ್ರತಿಬಿಂಬದ ದೂರಕ್ಕೂ ಇರುವ ಅಂತರವನ್ನು ತುಂಬುವಷ್ಟು ಸ್ಪಷ್ಟತೆಯ ಆಳ ಬೇಕು, ಅಂದರೆ ಮಸೂರದ ಬಾಯಿಯನ್ನು ಕಿರಿದುಗೊಳಿಸಬೇಕು. ಸಣ್ಣ ಊರುಗಳ ಛಾಯಾಗ್ರಾಹಕರು ಇದನ್ನು ಯಾವ ಶಾಲೆಗೂ ಹೋಗದೆ ಕಲಿತರು. ಇನ್ನು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಕಲಘಟಗಿಯ ಬಣ್ಣದ ತೊಟ್ಟಿಲು, ಅದರ ಹಲಗೆಗಳ ಮೇಲೆ ಪುರಾಣದ ಪ್ರಸಂಗಗಳನ್ನು ಬರೆದು ಅರಗಿನ ಮೆರುಗು ಕೊಡುವ ಕೆಲಸ, ಕೆಲವೇ ಮನೆತನಗಳ ಕೈಯಲ್ಲಿ ಉಳಿದಿರುವ ವಿದ್ಯೆ. ಆ ತೊಟ್ಟಿಲು ಕೂಸಿನಿಂದ ಕೂಸಿಗೆ, ಮನೆಯಿಂದ ಮನೆಗೆ ಸಾಗುತ್ತದೆ. ಒಂದೇ ತೊಟ್ಟಿಲಿನಲ್ಲಿ ಅಜ್ಜನೂ ಮೊಮ್ಮಗನೂ ಬೇರೆ ಬೇರೆ ಕಾಲದಲ್ಲಿ ಮಲಗಿದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಮನೆಯವರಿಗೆ ಚಿತ್ರದ ಸೊಗಸು ಮುಖ್ಯವೇ ಅಲ್ಲ.

ಹುಟ್ಟಿನಷ್ಟೇ ನಿಸ್ಸಂಕೋಚವಾಗಿ ಸಾವನ್ನೂ ಈ ಭಾಗದ ಜನ ಕ್ಯಾಮೆರಾದ ಮುಂದೆ ಕೂರಿಸಿದ್ದಾರೆ, ಮತ್ತು ಕೂರಿಸಿದ್ದಾರೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಲಿಂಗಾಯತ ಸಂಪ್ರದಾಯದಲ್ಲಿ ಮೃತದೇಹವನ್ನು ಮಲಗಿಸದೆ ಕುಳಿತ ಭಂಗಿಯಲ್ಲಿರಿಸಿ, ವಿಭೂತಿ ಧರಿಸಿ, ಹೂವಿನಿಂದ ಅಲಂಕರಿಸಿ, ವಿಮಾನವೆಂದು ಕರೆಯುವ ಸಿಂಗರಿಸಿದ ಚೌಕಟ್ಟಿನಲ್ಲಿ ಮೆರವಣಿಗೆ ಮಾಡುತ್ತಾರೆ. ಹೊರಡುವ ಮುನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಸುತ್ತ ಕುಳಿತು ಒಂದು ಫೋಟೊ ತೆಗೆಸುವುದು ಅನೇಕ ಮನೆಗಳ ಪದ್ಧತಿ. ಹೊರಗಿನವರಿಗೆ ಇದು ಎದೆ ಝಲ್ಲೆನಿಸಬಹುದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲೂ ಸತ್ತವರ ಚಿತ್ರ ತೆಗೆಸುವ ಪದ್ಧತಿಯಿತ್ತು, ಆದರೆ ಅಲ್ಲಿ ಅದು ಕಾಲಕ್ರಮದಲ್ಲಿ ಅಡಗಿಹೋಯಿತು, ಇಲ್ಲಿ ನಾಚಿಕೆಯ ವಿಷಯವಾಗದೆ ಉಳಿಯಿತು. ಕೆಲವು ಹಿರಿಯರ ಪಾಲಿಗೆ ಇಡೀ ಸಂಸಾರದ ನಡುವೆ ಕುಳಿತ ಏಕೈಕ ಚಿತ್ರ ಇದೇ ಆಗಿರುತ್ತದೆ, ಏಕೆಂದರೆ ದುಡಿಯುವ ಕಾಲದಲ್ಲಿ ಎಲ್ಲರೂ ಒಂದೆಡೆ ಸೇರುವ ಬಿಡುವು ಒದಗಿರುವುದಿಲ್ಲ. ಅಳುತ್ತಿದ್ದವರು ಫೋಟೊದ ಹೊತ್ತಿಗೆ ಕಣ್ಣೊರೆಸಿಕೊಂಡು ನೆಟ್ಟಗೆ ಕೂರುತ್ತಾರೆ, ಕ್ಲಿಕ್ ಆದ ಮೇಲೆ ಮತ್ತೆ ಅಳುತ್ತಾರೆ. ಸಹಜ ಕ್ಷಣದ ಸಿದ್ಧಾಂತಿಗೆ ಬೇಕಾದದ್ದು ಆ ಅಳು, ಮನೆಯವರಿಗೆ ಬೇಕಾದದ್ದು ಅಳುವಿನ ನಡುವೆ ತಾವು ಕಟ್ಟಿಕೊಂಡ ಆ ಒಂದು ಗಳಿಗೆಯ ಧೈರ್ಯ. ಇಬ್ಬರಲ್ಲಿ ಮನೆಯವರ ಆಯ್ಕೆಯೇ ಹೆಚ್ಚು ತೂಕದ್ದು, ಏಕೆಂದರೆ ಆ ಚಿತ್ರವನ್ನು ಮುಂದಿನ ಐವತ್ತು ವರ್ಷ ಗೋಡೆಯ ಮೇಲೆ ನೋಡಬೇಕಾದವರು ಅವರು.

ಇದಕ್ಕಿಂತ ವಿಚಿತ್ರವೂ ಹೃದಯಸ್ಪರ್ಶಿಯೂ ಆದ ಮತ್ತೊಂದು ಬಗೆಯ ಪಟವಿದೆ. 1993ರಿಂದ ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುವ ಕೆಲಸ ದೇಶದಲ್ಲಿ ಆರಂಭವಾದಾಗ, ಅದುವರೆಗೆ ಎಂದೂ ಕ್ಯಾಮೆರಾದ ಮುಂದೆ ನಿಲ್ಲದ ಎಷ್ಟೋ ಮುದುಕರು, ಅದರಲ್ಲೂ ಹೆಂಗಸರು, ಸರಕಾರದ ಒತ್ತಾಯಕ್ಕೆ ಊರ ಶಾಲೆಯ ಗೋಡೆಯ ಮುಂದೆ ಕುಳಿತರು. ಬೆರಳಿನ ಉಗುರಿನಷ್ಟು ದೊಡ್ಡದಾದ, ಅವಸರದಲ್ಲಿ ತೆಗೆದ, ಅನೇಕ ವೇಳೆ ಕಣ್ಣು ಅರೆಮುಚ್ಚಿದ ಆ ಚಿತ್ರವೇ ಅವರು ತೀರಿಕೊಂಡ ಮೇಲೆ ಮನೆಯವರ ಕೈಗೆ ಸಿಗುವ ಒಂದೇ ಮುಖವಾಯಿತು. ಮಕ್ಕಳು ಆ ಚೀಟಿಯನ್ನು ತಾಲ್ಲೂಕು ಸ್ಥಳದ ಸ್ಟುಡಿಯೊಗೆ ಒಯ್ದು ದೊಡ್ಡದು ಮಾಡಿಸುತ್ತಾರೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಮಸುಕಾದ ಮುಖವನ್ನು ತಿದ್ದಿ, ಹಣೆಗೆ ಕುಂಕುಮ ಅಥವಾ ವಿಭೂತಿ ಇಟ್ಟು, ಹೆಗಲ ಕೆಳಗೆ ಯಾರದೋ ಮೈಯ ಕೋಟನ್ನೋ ರೇಷ್ಮೆ ಸೀರೆಯನ್ನೋ ಜೋಡಿಸಿ, ಹಿಂದೆ ನೀಲಿ ಆಕಾಶ ಹರಡಿ ಕೊಡುತ್ತಾನೆ. ಒಂದೇ ಫೋಟೊದಲ್ಲಿ ಎಂದೂ ಕೂಡಿ ಕೂರದ ಗಂಡಹೆಂಡಿರನ್ನು, ಇಪ್ಪತ್ತು ವರ್ಷಗಳ ಅಂತರದಲ್ಲಿ ಸತ್ತವರನ್ನೂ, ಅವನು ಪಕ್ಕಪಕ್ಕ ಕೂರಿಸುತ್ತಾನೆ. ಆಗ ಎಳೆಯ ಪ್ರಾಯದ ಗಂಡನ ಬಳಿ ಮುಪ್ಪಿನ ಹೆಂಡತಿ ಕುಳಿತಿರುವಂತೆ ಕಾಣುವುದುಂಟು, ಆದರೂ ಮನೆಯಲ್ಲಿ ಅದನ್ನು ಯಾರೂ ವಿಪರೀತವೆಂದು ಎಣಿಸುವುದಿಲ್ಲ.

ಛಾಯಾಗ್ರಹಣದ ಶಾಸ್ತ್ರಕಾರರು ಇಂಥ ಜೋಡಣೆಯ ಚಿತ್ರವನ್ನು ಸುಳ್ಳೆನ್ನುತ್ತಾರೆ, ಮತ್ತು ಪತ್ರಿಕೆಯ ಪುಟದಲ್ಲಿ ಅದು ಸುಳ್ಳೇ. ನಡೆಯದ ಘಟನೆಯನ್ನು ನಡೆದಂತೆ ತೋರಿಸುವ ಚಿತ್ರಕ್ಕೆ ಸುದ್ದಿಯಲ್ಲಿ ಜಾಗವಿಲ್ಲ. ಆದರೆ ಪಡಸಾಲೆಯ ಪಟ ಘಟನೆಯ ಸಾಕ್ಷ್ಯವಲ್ಲ, ಸಂಬಂಧದ ಸಾಕ್ಷ್ಯ. ಆ ಇಬ್ಬರು ನಲವತ್ತು ವರ್ಷ ಒಂದೇ ಎರಿ ಹೊಲದಲ್ಲಿ ಕಳೆ ತೆಗೆದು, ಒಂದೇ ಒಲೆಯ ರೊಟ್ಟಿ ಉಂಡು ಬಾಳಿದ್ದು ನಿಜ. ಆ ನಿಜಕ್ಕೆ ಕ್ಯಾಮೆರಾ ಸಕಾಲದಲ್ಲಿ ಒದಗಿ ಬರಲಿಲ್ಲ, ಆದ್ದರಿಂದ ಮಕ್ಕಳು ತಡವಾಗಿ ಅದನ್ನು ಕಟ್ಟಿಸಿಕೊಂಡರು. ಚಿತ್ರದಲ್ಲಿರುವವರ ಮುಖದ ಮೇಲೆ ಭಾವನೆಯನ್ನು ಹುಡುಕುವ ವಿಮರ್ಶೆಯು ಇಲ್ಲಿ ಬರಿಗೈಯಲ್ಲಿ ಮರಳುತ್ತದೆ, ಏಕೆಂದರೆ ಭಾವನೆ ಇರುವುದು ಆ ಪಟವನ್ನು ಮಾಡಿಸಿದವರಲ್ಲಿ, ಹಬ್ಬಕ್ಕೊಮ್ಮೆ ಅದಕ್ಕೆ ಹಾರ ಹಾಕುವವರಲ್ಲಿ.

ಹಾಗೆಂದ ಮಾತ್ರಕ್ಕೆ ಸಹಜ ಕ್ಷಣದ ಛಾಯಾಗ್ರಹಣಕ್ಕೆ ಈ ನೆಲದಲ್ಲಿ ಕೆಲಸವೇ ಇಲ್ಲವೆಂದು ಹೇಳಿದಂತಾಗುವುದಿಲ್ಲ. ಅದರ ಜಾಗ ದುಡಿಮೆಯಲ್ಲಿದೆ, ಹಬ್ಬದಲ್ಲಿದೆ, ಸಂಗೀತದಲ್ಲಿದೆ. ಮನುಷ್ಯ ತನ್ನ ಕೈಯೊಳಗಿನ ಕೆಲಸದಲ್ಲಿ ಮುಳುಗಿ ತನ್ನ ಮುಖವನ್ನೇ ಮರೆತಿರುವ ಕಡೆಯಲ್ಲಿದೆ. ನವಲಗುಂದದ ಜಮಖಾನೆ ಇದಕ್ಕೆ ಒಳ್ಳೆಯ ನಿದರ್ಶನ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ, ಪಗಡೆಯ ಹಾಸು ಮತ್ತು ನವಿಲಿನ ವಿನ್ಯಾಸಗಳಿಗೆ ಹೆಸರಾದ ಈ ಹಾಸುಗಳನ್ನು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವವರು ಹೆಂಗಸರು. ಮಗ್ಗದ ಮುಂದೆ ಕುಳಿತ ನೇಕಾರಳನ್ನು ಕ್ಯಾಮೆರಾದತ್ತ ತಿರುಗಿ ನಗಲು ಹೇಳುವ ಛಾಯಾಗ್ರಾಹಕ ಒಬ್ಬ ಸಂಕೋಚದ ಹೆಂಗಸಿನ ಚಿತ್ರವನ್ನು ಮಾತ್ರ ಪಡೆಯುತ್ತಾನೆ. ಅವಳ ಬೆನ್ನ ಹಿಂದಿನಿಂದ, ಹಾಸು ನೂಲುಗಳ ನಡುವೆ ಬಣ್ಣದ ಎಳೆಯನ್ನು ತೂರಿಸಿ ಹಣಿಗೆಯಿಂದ ಬಡಿಯುವ ಬೆರಳುಗಳನ್ನು ನೋಡುತ್ತ ಕಾದವನಿಗೆ, ತಪ್ಪಿದ ಒಂದು ಎಳೆಯನ್ನು ಅವಳು ಬಿಚ್ಚುವಾಗ ಕೊರಳು ಬಾಗುವ ರೀತಿ ಸಿಗುತ್ತದೆ.

ಕಾಯುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಕಣ್ಣಿಗೆ ಕಂಡದ್ದು ಬೆರಳಿಗೆ ಮುಟ್ಟಿ ಗುಂಡಿ ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಕಳೆದಿರುತ್ತದೆ, ಆದ್ದರಿಂದ ಕ್ಷಣವನ್ನು ನೋಡಿ ಒತ್ತಿದವನಿಗೆ ಸಿಗುವುದು ಅದರ ಮರುಕ್ಷಣ. ಮುಂದೆ ಏನಾಗುವುದೆಂದು ಬಲ್ಲವನಿಗೆ ಮಾತ್ರ ಕ್ಷಣ ದಕ್ಕುತ್ತದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ (1886–1952) ಸ್ಮರಣೆಗಾಗಿ ನಡೆಯುವ ಅಹೋರಾತ್ರಿ ಸಂಗೀತವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಂಥ ಶಿಷ್ಯರನ್ನು ರೂಪಿಸಿದ ಊರು ಅದು. ಅಲ್ಲಿಯ ಕೇಳುಗರಿಗೆ ತಾಳದ ಲೆಕ್ಕ ಮೈಗೂಡಿರುತ್ತದೆ. ತಾಳದ ಆವರ್ತನೆಯ ಮೊದಲ ಮಾತ್ರೆಗೆ ‘ಸಮ್’ ಎನ್ನುತ್ತಾರೆ. ಗಾಯಕನು ದೀರ್ಘ ತಾನಿನ ಕೊನೆಗೆ ಸಮ್ಮಿಗೆ ಬಂದಿಳಿಯುವಾಗ ತಬಲಾದವನ ಕಣ್ಣು, ಹಾರ್ಮೋನಿಯಂನವನ ತಲೆ, ಕೆಳಗೆ ಕುಳಿತ ಮುದುಕನ ಮೇಲೆತ್ತಿದ ಕೈ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ತಾಳ ತಿಳಿಯದ ಛಾಯಾಗ್ರಾಹಕ ಗಾಯಕನ ತೆರೆದ ಬಾಯಿಯನ್ನು ನೂರು ಬಾರಿ ತೆಗೆಯುತ್ತಾನೆ. ತಿಳಿದವನು ಮಾತ್ರೆ ಎಣಿಸುತ್ತ, ಸಮ್ಮಿಗೆ ಕೂದಲೆಳೆಯಷ್ಟು ಮೊದಲು ಗುಂಡಿ ಒತ್ತುತ್ತಾನೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಗಾಯಕರ ಕಂಠವನ್ನು ಮುಖವಿಲ್ಲದೆ ಮನೆಮನೆಗೆ ಮುಟ್ಟಿಸಿತು, ಫೋಟೊ ಕಂಠವಿಲ್ಲದೆ ಮುಖವನ್ನು ಮುಟ್ಟಿಸುತ್ತದೆ. ಸಮ್ಮಿನಲ್ಲಿ ತೆಗೆದ ಚಿತ್ರವೊಂದೇ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲದು.

ಒಕ್ಕಲುತನದ ವರ್ಷಕ್ಕೂ ಇಂಥದೇ ತಾಳವಿದೆ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಬೆಳೆದು ನಿಂತ ಜೋಳ ಕಡಲೆಗಳ ನಡುವೆ ಭೂತಾಯಿಗೆ ಎಡೆಯನ್ನು ಎರಚುತ್ತ ಸಾಗುವ ಚರಗದ ಆಚರಣೆಯಲ್ಲಿ, ಕೈ ಮೇಲೇರಿ ಅನ್ನದ ಕಾಳು ಗಾಳಿಯಲ್ಲಿ ಚೆದುರುವ ಗಳಿಗೆ ತೀರ ಸಣ್ಣದು. ಕ್ಯಾಮೆರಾದೊಳಗೆ ಬೆಳಕಿಗೆ ದಾರಿ ತೆರೆದು ಮುಚ್ಚುವ ಪರದೆಗೆ ‘ಷಟರ್’ ಎನ್ನುತ್ತಾರೆ; ಅದು ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಚುರುಕಾಗಿದ್ದರೆ ಕಾಳುಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ, ಮೂವತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಕೈಯ ಬೀಸು ಬೆಳಕಿನ ಗೆರೆಯಾಗುತ್ತದೆ. ಎರಡೂ ಚಿತ್ರಗಳು ಸರಿಯೇ. ಆದರೆ ಚರಗ ಚೆಲ್ಲುವವನು ಪ್ರತಿ ಎಸೆತಕ್ಕೂ ಮುನ್ನ ಒಂದು ಕೂಗು ಹಾಕುತ್ತಾನೆಂಬುದು ಗೊತ್ತಿಲ್ಲದ ಛಾಯಾಗ್ರಾಹಕನಿಗೆ ಯಾವ ಷಟರೂ ನೆರವಾಗದು.

ಬೆಳಕಿನ ವಿಷಯದಲ್ಲಿ ಈ ಜಿಲ್ಲೆ ಎರಡು ಲೋಕಗಳಾಗಿ ಒಡೆದುಕೊಂಡಿದೆ. ನವಲಗುಂದ ಅಣ್ಣಿಗೇರಿಗಳ ಬಯಲು ಗಿಡಮರ ಕಡಿಮೆಯಿರುವ ಕರಿ ಎರಿ ಭೂಮಿ. ಅದು ಬಿದ್ದ ಬೆಳಕನ್ನು ನುಂಗುತ್ತದೆ, ಮರಳಿ ಮುಖದ ಮೇಲೆ ಚೆಲ್ಲುವುದಿಲ್ಲ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದೆಲ್ಲ ಸರಾಸರಿಯಾಗಿ ನಡುಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನ ಸುಮಾರು ಶೇಕಡಾ 18ರಷ್ಟನ್ನು ಮರಳಿಸುವಂಥದ್ದು ಎಂದು ಎಣಿಸಿಕೊಂಡು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕರಿ ಮಣ್ಣಿದ್ದರೆ ಅದು ಮೋಸಹೋಗಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಆಗ ರೈತನ ಬಿಳಿ ರುಮಾಲು ಬರಿ ಬಿಳಿಯ ಮುದ್ದೆಯಾಗುತ್ತದೆ. ಹತ್ತಿರದಿಂದ ತೆಗೆಯುವಾಗ ರುಮಾಲೂ ಅಂಗಿಯೂ ಚೌಕಟ್ಟನ್ನು ತುಂಬಿದರೆ ಅದೇ ಮಾಪಕ ಬೆಳಕನ್ನು ಕಡಿಮೆ ಮಾಡಿ ರುಮಾಲಿನ ಕೆಳಗಿನ ಕಪ್ಪು ಮುಖವನ್ನು ಕತ್ತಲಿಗೆ ತಳ್ಳುತ್ತದೆ. ನಡುಹಗಲಿನಲ್ಲಿ ಇಲ್ಲಿ ಮುಖಚಿತ್ರ ತೆಗೆಯುವುದೇ ತಪ್ಪು. ಅದರ ಬದಲು ಮಣ್ಣಿನ ಮಾಳಿಗೆಯ ಮನೆಯೊಳಗೆ ಹೋಗಿ, ಮೇಲಿನ ಬೆಳಕಿಂಡಿಯಿಂದ ಒಲೆಯ ಬಳಿಗೆ ಇಳಿಯುವ ಒಂದೇ ಬೆಳಕಿನ ಕೋಲಿನಲ್ಲಿ ರೊಟ್ಟಿ ಬಡಿಯುವ ಮುದುಕಿಯ ಮುಖವನ್ನು ನೋಡಬೇಕು. ದುಬಾರಿ ಸ್ಟುಡಿಯೊ ದೀಪಗಳು ಕೊಡದ ಮಾಟವನ್ನು ಆ ಬೆಳಕಿಂಡಿ ಕೊಡುತ್ತದೆ. ಕಲಘಟಗಿಯ ಕಡೆ, ಮಲೆನಾಡಿನ ಸೆರಗಿನಲ್ಲಿ, ಭತ್ತದ ಗದ್ದೆಯ ನೀರೇ ಕನ್ನಡಿಯಾಗಿ ಕೆಳಗಿನಿಂದ ಮುಖಕ್ಕೆ ಬೆಳಕು ಚೆಲ್ಲುವುದರಿಂದ ನಾಟಿಯ ದಿನಗಳ ಮೋಡದ ಹಗಲು ಕೂಡ ಚಿತ್ರಕ್ಕೆ ಅನುಕೂಲ.

ಕ್ಯಾಮೆರಾ ಬರುವ ಮೊದಲು ಈ ನಾಡು ಜೀವನದ ನಿರ್ಣಾಯಕ ಗಳಿಗೆಯನ್ನು ಕಲ್ಲಿನಲ್ಲಿ ಹಿಡಿದಿಟ್ಟಿತ್ತು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ ಎಂಬ ಕ್ರಮ ಸಾಮಾನ್ಯ. ಆದರೆ ಅಲ್ಲಿ ಕಾಣುವುದು ವೀರನೆಂಬ ಮಾದರಿ, ಇಂಥ ಊರಿನ ಇಂಥವನ ಮುಖವಲ್ಲ. ಫೋಟೊ ಹೊಸದಾಗಿ ತಂದದ್ದು ಆ ಮುಖವನ್ನು. ಆದರೂ ಕಲ್ಲಿನ ರೂಢಿ ಅಳಿಯಲಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರಗಳ ವಿರುದ್ಧ ಎದ್ದ 1980ರ ಜುಲೈ 21ರ ದಿನ ನವಲಗುಂದ ಮತ್ತು ನರಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು, ಅಂದಿನಿಂದ ಪ್ರತಿವರ್ಷ ಆ ದಿನ ರೈತ ಹುತಾತ್ಮ ದಿನವಾಗಿ ಆಚರಣೆಯಾಗುತ್ತಿದೆ. ಇಪ್ಪತ್ತನೆಯ ಶತಮಾನದ ಈ ಹುತಾತ್ಮರಿಗಾಗಿಯೂ ಜನ ವೀರಗಲ್ಲನ್ನು ನಿಲ್ಲಿಸಿದ್ದು ಗಮನಿಸಬೇಕಾದ ಸಂಗತಿ. ಮಹದಾಯಿ ನೀರಿನ ಹೋರಾಟದ ಕಾಲಕ್ಕೆ, 2016ರ ಜುಲೈ ಕೊನೆಯಲ್ಲಿ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹೆಂಗಸರು ಮುದುಕರೆನ್ನದೆ ಪೊಲೀಸರು ಲಾಠಿ ಬೀಸಿದ ದೃಶ್ಯಗಳು ರಾಜ್ಯದಲ್ಲೆಲ್ಲ ಹರಡಿದಾಗ ಪರಿಸ್ಥಿತಿ ಬೇರೆಯಾಗಿತ್ತು: ದೃಶ್ಯವೇ ಸಾಕ್ಷಿಯಾಗಿ ನಿಂತಿತು, ಕೆಲವು ಪೊಲೀಸರು ಅಮಾನತಾದರು.

ಸಂಕಟದ ಮುಖವನ್ನು ತೆಗೆಯುವವನ ಹೊಣೆ ಇಲ್ಲಿಂದ ಶುರುವಾಗುತ್ತದೆ. ಅಮೆರಿಕದ ಡೊರೊಥಿಯಾ ಲಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಮಕ್ಕಳೊಡನೆ ಕುಳಿತ ಒಬ್ಬ ತಾಯಿಯ ಚಿತ್ರ ತೆಗೆದಳು. ಅದು ಜಗತ್ತಿನಲ್ಲಿ ಅತಿ ಹೆಚ್ಚು ಅಚ್ಚಾದ ಚಿತ್ರಗಳಲ್ಲೊಂದಾಯಿತು, ಆದರೆ ಅವಳು ಆ ತಾಯಿಯ ಹೆಸರನ್ನು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಆಗ ಅವಳು ಆ ಚಿತ್ರದಿಂದ ತನಗೇನೂ ದಕ್ಕಲಿಲ್ಲವೆಂದು ಬೇಸರಪಟ್ಟಳು. ಬರ ಬಿದ್ದ ವರ್ಷಗಳಲ್ಲಿ, ಸಾಲಕ್ಕೆ ಸೋತು ಪ್ರಾಣ ಕಳೆದುಕೊಂಡ ರೈತನ ಮನೆಗೆ ಬರುವ ಪತ್ರಿಕಾ ಛಾಯಾಗ್ರಾಹಕರು ಅವನ ಹೆಂಡತಿಯ ಕೈಗೆ ಅವನ ಪಟವನ್ನು ಕೊಟ್ಟು ಎದೆಯ ಮುಂದೆ ಹಿಡಿದುಕೊಳ್ಳಲು ಹೇಳುವ ಒಂದು ರೂಢಿ ಬೆಳೆದುಬಂದಿದೆ. ಪಡಸಾಲೆಯ ಪಟಕ್ಕೆ ಆಗುವ ಅವಮಾನ ಇದೇ ಎನ್ನಬೇಕು. ಗೋಡೆಯ ಮೇಲೆ ಸಂಬಂಧವಾಗಿದ್ದುದನ್ನು ಸುದ್ದಿಯ ಸಲಕರಣೆಯನ್ನಾಗಿ ಮಾಡಿ, ದುಃಖವನ್ನು ಹೇಳಿ ತೆಗೆಸಿದ ಭಂಗಿಯನ್ನಾಗಿ ಮಾಡುವ ಈ ಚಿತ್ರಗಳು ಸಹಜ ಕ್ಷಣದ ವೇಷ ಹಾಕಿಕೊಂಡಿರುವುದರಿಂದ, ಪರದೆಯ ಮುಂದೆ ಕೋಟು ತೊಟ್ಟು ಕುಳಿತ ಹಳೆಯ ಯಜಮಾನನಿಗಿಂತ ಇವೇ ಹೆಚ್ಚು ಕೃತಕ.

  ಇನ್ನು ಚಿಂತಿಸಬೇಕಾದದ್ದು ಈ ಪಟಗಳ ಉಳಿಯುವಿಕೆಯ ಪ್ರಶ್ನೆ. ಬೆಳ್ಳಿಯ ಲವಣಗಳಿಂದ ಮೂಡಿಸಿ, ಹೈಪೊ ಎಂಬ ದ್ರಾವಣದಲ್ಲಿ ಸ್ಥಿರಗೊಳಿಸಿ ಚೆನ್ನಾಗಿ ತೊಳೆದ ಕಪ್ಪು ಬಿಳುಪಿನ ಚಿತ್ರ ನೂರು ವರ್ಷ ಬಾಳುತ್ತದೆ, ಆದರೆ ಅನಂತರ ಬಂದ ಹಲವು ಬಣ್ಣದ ಮುದ್ರಿಕೆಗಳ ವರ್ಣದ್ರವ್ಯ ಒಡೆದು ಅವು ಕೆಂಪಗೆ ತಿರುಗುತ್ತಿವೆ. ಮೊಬೈಲಿನಲ್ಲಷ್ಟೇ ಇರುವ ಚಿತ್ರಗಳು ಫೋನು ಬಿದ್ದು ಒಡೆದ ದಿನವೇ ಹೋಗುತ್ತವೆ. ಮಾಳಿಗೆ ಸೋರಿದ ಒಂದು ಮಳೆಗಾಲಕ್ಕೆ ಪಟದ ಗಾಜಿಗೆ ಚಿತ್ರವೇ ಅಂಟಿಕೊಳ್ಳುತ್ತದೆ, ಹಾಗೆ ಅಂಟಿದ್ದನ್ನು ಎಳೆದು ಬಿಡಿಸಹೋದರೆ ಮುಖದ ಪದರು ಗಾಜಿನ ಮೇಲೆ ಉಳಿಯುತ್ತದೆ. ಆದ್ದರಿಂದ ಗಾಜಿನ ಸಮೇತವೇ ಅದರ ಪ್ರತಿ ತೆಗೆಸುವುದು ಕ್ಷೇಮ. ಬಿಗ್ಸ್ ಮತ್ತು ಪಿಗೊ ತೆಗೆದ ಗುಡಿಗಳ ಚಿತ್ರಗಳು ಲಂಡನ್ನಿನ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಮುಂಬೈಯಲ್ಲಿ 2010ರಲ್ಲಿ ಅನುಷಾ ಯಾದವ್ ಆರಂಭಿಸಿದ ‘ಇಂಡಿಯನ್ ಮೆಮರಿ ಪ್ರಾಜೆಕ್ಟ್’ ಮನೆತನಗಳ ಹಳೆಯ ಫೋಟೊಗಳನ್ನು ಅವುಗಳ ಕಥೆಯೊಡನೆ ಸಂಗ್ರಹಿಸುವ ದಾರಿಯನ್ನು ತೋರಿಸಿದೆ. 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ಹಸ್ತಪ್ರತಿಗಳಿಗಾಗಿ ಹಳ್ಳಿಹಳ್ಳಿ ತಿರುಗಿದ ಪರಂಪರೆಯ ಸಂಸ್ಥೆ. ಅದೇ ಬಗೆಯ ತಿರುಗಾಟವನ್ನು ಪಡಸಾಲೆಯ ಪಟಗಳಿಗಾಗಿಯೂ ಯಾರಾದರೂ ಕೈಗೊಳ್ಳುವುದಾದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಒಂದು ಕಂಪ್ಯೂಟರು ಮತ್ತು ಒಂದು ಸ್ಕ್ಯಾನರು ಆರಂಭಕ್ಕೆ ಸಾಕು. ಅದಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ಯಾವ ಯಂತ್ರವೂ ಬೇಡ: ಪಟವನ್ನು ಕೆಳಗಿಳಿಸಿ, ಮನೆಯ ಹಿರಿಯ ಹೆಂಗಸನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಿತ್ರದಲ್ಲಿರುವವರು ಯಾರು ಯಾರು, ಯಾವ ಊರಿನಿಂದ ಬಂದ ಸೊಸೆ, ಯಾವ ವರ್ಷದ ಯಾವ ಕಾರ್ಯ ಎಂಬುದನ್ನು ಕೇಳಿ, ಹಿಂಬದಿಯ ರಟ್ಟಿನ ಮೇಲೆ ಬರೆದಿಡಬೇಕು, ಬಾಲ್‌ಪೆನ್ನಿನ ಶಾಯಿ ಕಾಲಕ್ರಮದಲ್ಲಿ ಹರಡಿಕೊಂಡು ಚಿತ್ರದ ಕಡೆಗೆ ಇಳಿಯುವ ಸಾಧ್ಯತೆಯಿರುವುದರಿಂದ ಬರೆಯುವುದು ಮೆತ್ತಗಿನ ಪೆನ್ಸಿಲಿನಿಂದ ಆಗಬೇಕು.